ಒಬ್ಬಳೇ ಕೂತಿದ್ದಕ್ಕೆ ಲೆಕ್ಕ ಕೊಡಬೇಡ

ತಂಗೀ,

ನಿನ್ನ ಮೇಲ್ ಬಂದು ಸುಮಾರು ದಿನ ಆಯ್ತು, ಉತ್ತರ ತಡ ಆಯ್ತು ಅಂತ ಬೇಜಾರು ಮಾಡ್ಕೋಬೇಡ ಮಾರಾಯ್ತಿ, ಬಂದ ಕೂಡ್ಲೇ ರಿಪ್ಲೈ ಮಾಡೋ ಜಾತಿ ಅಲ್ಲ ನಾನು, ಅದು ನಿಂಗೆ ಬೇರೆ ಯಾರಿಗಿಂತ ಚೆನ್ನಾಗಿ ಅರ್ಥ ಆಗತ್ತೆ. ಮತ್ತೆ ಈ ಮೇಡಂ ಗೀಡಂ ಎಲ್ಲ ಬೇಡ, ಅಕ್ಕ ಅನ್ನು ಸಾಕು.

ಮುಂಬೈ ಹೊರಗಿನ ಡೊಂಬಿವಲಿಯ ಒನ್ ಬಿಎಚ್‌ಕೆ, ಅದ್ರಲ್ಲಿ ಅಪ್ಪ ಅಮ್ಮ ಅಜ್ಜಿ ಅಣ್ಣ ಅತ್ತಿಗೆ ನೀನು, ಹಾಲ್‌ನಲ್ಲಿರೋ ಸೋಫಾ ಕಮ್ ಬೆಡ್ಡೇ ನಿನ್ನ ರೂಮು, ಆಫೀಸು ಬಿಕೆಸಿಯಲ್ಲಿ, ಅಂದ್ರೆ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ, ಅಲ್ಲೂ ಗೋಡೆ ಇಲ್ದೇ ಇರೋ ಉದ್ದ ಟೇಬಲ್ಲು, ಹೆಡ್‌ಫೋನ್ ಸಿಕ್ಕಿಸ್ಕೊಂಡು ಕೂತ್ರೂ ಭುಜ ತಟ್ಟಿ ಕರೀತಾರೆ. ಇಷ್ಟೆಲ್ಲ ಬರ್ದು ಕೊನೇಲಿ ಎರಡು ಪ್ರಶ್ನೆ ಕೇಳಿದೀಯ. ನಂಗೇನಾದ್ರೂ ಪ್ರಾಬ್ಲಂ ಇದ್ಯಾ ಅಂತ ಒಂದು, ಕೆಲಸ ಬಿಟ್ಟು ಊರಿಗೆ ಹೋಗಿ ಅಜ್ಜನ ಮನೇಲಿ ಒಂದು ವರ್ಷ ಕೂತು ಕತೆ ಬರೀಲಾ ಅಂತ ಇನ್ನೊಂದು. ಅವಕ್ಕೆ ಆಮೇಲೆ ಬರ್ತೀನಿ. ನನ್ನ ತಲೇಲಿ ಕೂತಿದ್ದು ಅವೆರಡೂ ಅಲ್ಲ, ಮಧ್ಯದಲ್ಲಿ ನೀನು ಹಾಗೇ ಹೇಳಿ ಹೋದ ಆ ಭಾನುವಾರದ ವಿಷ್ಯ.

"ನಂಗೆ ಬರಿಯೋಕೆ ಟೈಮ್ ಬೇಕು, ಯಾರೂ ಅರ್ಥ ಮಾಡ್ಕೊಳಲ್ಲ" ಅಂತ ಕೂಗಾಡಿದ್ಯಂತೆ. ಪಾಪ ಅವ್ರೆಲ್ಲ ಸೇರಿ ಅಜ್ಜೀನೂ ಕರ್ಕೊಂಡು ಥಾಣೆಯ ನೆಂಟರ ಮನೆಗೆ ಹೋಗಿ ಸಂಜೆವರೆಗೆ ಮನೆ ಖಾಲಿ ಮಾಡಿ ಕೊಟ್ಟರಂತೆ. ನೀನು ಫ್ಯಾನ್ ನೋಡ್ತಾ ಮಲಗಿದ್ದೆ, ಚಾ ಮಾಡ್ಕೊಂಡು ಕುಡಿದೆ, ಒಣಗಿದ ಬಟ್ಟೆ ಮಡಚಿಟ್ಟೆ, ಕಿಟಕಿ ಹತ್ರ ನಿಂತೆ, ಒಂದು ಸಾಲೂ ಬರೀಲಿಲ್ಲ. ಸಂಜೆ ಅಣ್ಣ ಬಂದು ಎಷ್ಟು ಪೇಜ್ ಆಯ್ತೇ ಅಂದ. ಎರಡು ಅಂತ ಸುಳ್ಳು ಹೇಳಿದೆ.

ಗಂಟು ಇರೋದು ಇಲ್ಲೇ ನೋಡು. ನಾನು ಬ್ಯಾಂಕಿನ ಲೋನ್ ಸೆಕ್ಷನ್ನಲ್ಲಿ ಇದ್ದವಳು, ಒಂದು ಕಾರಣ ಬರ್ಕೊಟ್ಟು ಸಾಲ ತಗೊಂಡು ದುಡ್ಡನ್ನ ಇನ್ನೆಲ್ಲೋ ಹಾಕಿದವ್ರು ಇನ್ಸ್‌ಪೆಕ್ಷನ್‌ಗೆ ಹೋದಾಗ ಯಾವ ಮುಖ ಮಾಡ್ತಾರೋ ನಿನ್ನ ಮುಖಾನೂ ಅವತ್ತು ಹಾಗೇ ಇತ್ತು ಅಂತ ಕಾಣತ್ತೆ. ನಿಂಗೆ ನಿಜಕ್ಕೂ ಬೇಕಾಗಿದ್ದು ಒಬ್ಬಳೇ ಇರೋದು. ಅದನ್ನ ಬಾಯಿಬಿಟ್ಟು ಕೇಳೋಕೆ ನಾಚಿಕೆ, ನಮ್ಮ ಮನೆಗಳಲ್ಲಿ ಸುಮ್ನೆ ಒಬ್ಬಳೇ ಇರ್ತೀನಿ ಅಂದ್ರೆ ಕೋಪಾನಾ, ಹುಷಾರಿಲ್ವಾ, ಯಾರಾದ್ರೂ ಹುಡುಗನ ವಿಷ್ಯಾನಾ ಅಂತ ಶುರು ಆಗತ್ತೆ, ಅದಕ್ಕೆ ಬರವಣಿಗೆ ಅನ್ನೋ ಮರ್ಯಾದಸ್ಥ ಕಾರಣ ಮುಂದೆ ಮಾಡಿದೆ. ಈಗ ಏನಾಯ್ತು ಅಂದ್ರೆ ಒಬ್ಬಳೇ ಇದ್ದ ಒಂದೊಂದು ಗಂಟೆಗೂ ಪೇಜಿನ ಲೆಕ್ಕ ಒಪ್ಪಿಸ್ಬೇಕು. ವಾರ ಪೂರ್ತಿ ಆಫೀಸಲ್ಲಿ ಟಾರ್ಗೆಟ್ಟು, ಭಾನುವಾರ ಖಾಲಿ ಮನೇಲೂ ಟಾರ್ಗೆಟ್ಟು. ಹೀಗಾದ್ರೆ ಆ ಹೊತ್ತಲ್ಲಿ ದಣಿವೂ ಇಳಿಯಲ್ಲ, ಕತೆನೂ ಹುಟ್ಟಲ್ಲ.

ನಮ್ಮಂಥವ್ರಿಗೆ ಒಬ್ಬರೇ ಇರೋ ಹೊತ್ತು ಬೇರೆ, ಬರಿಯೋ ಹೊತ್ತು ಬೇರೆ. ಮೊದಲನೇದು ಊಟ ನಿದ್ದೆ ಲೆಕ್ಕಕ್ಕೆ ಸೇರಿದ್ದು, ಅದಕ್ಕೆ ಕಾರಣ ಬೇಡ. ಎರಡನೇದು ಕೆಲಸ, ಅದನ್ನ ಅಡುಗೆಮನೆ ಕಟ್ಟೆ ಮೇಲೆ ಕುಕ್ಕರ್ ಕೂಗ್ತಾ ಇದ್ರೂ ಮಾಡ್ಬಹುದು, ಎಷ್ಟೋ ಜನ ಮಾಡಿದಾರೆ. ನೀನು ಅವತ್ತು ಬಟ್ಟೆ ಮಡಚಿದ್ಯಲ್ಲ, ಅದು ವೇಸ್ಟ್ ಅಲ್ಲ, ಆ ವಾರ ನಿಂಗೆ ಬೇಕಾಗಿದ್ದೇ ಅದು. ಮುಂದಿನ ಸಲ ಮನೇಲಿ ಸೀದಾ ಹೇಳು, ಅಮ್ಮಾ ನಂಗೆ ಸ್ವಲ್ಪ ಹೊತ್ತು ಸುಮ್ನೆ ಒಬ್ಬಳೇ ಕೂರ್ಬೇಕು, ಯಾರ ಮೇಲೂ ಕೋಪ ಇಲ್ಲ, ಎಂಟು ಗಂಟೆಗೆ ಊಟಕ್ಕೆ ಬರ್ತೀನಿ ಅಂತ. ಯಾವಾಗ ವಾಪಸ್ ಬರ್ತೀಯ ಅಂತ ಹೇಳೋದು ಮುಖ್ಯ, ಮನೆಯವ್ರಿಗೆ ಭಯ ಇರೋದು ನೀನು ಕೂತಿದ್ದಕ್ಕಲ್ಲ, ಯಾವಾಗ ಏಳ್ತೀಯ ಗೊತ್ತಾಗಲ್ಲ ಅನ್ನೋದಕ್ಕೆ.

ಇನ್ನು ಪ್ರಾಬ್ಲಂ ಇದ್ಯಾ ಅನ್ನೋ ಪ್ರಶ್ನೆ. ಇಲ್ಲ. ಇಂಟ್ರೊವರ್ಟ್ ಎಕ್ಸ್‌ಟ್ರಾವರ್ಟ್ ಅಂದ್ರೆ ಅಂತರ್ಮುಖಿ ಬಹಿರ್ಮುಖಿ ಅನ್ನೋ ಜೋಡೀನ ಬಳಕೆಗೆ ತಂದಿದ್ದು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್, 1921ರಲ್ಲಿ, ಅವ್ರು ಅದನ್ನ ಕಾಯಿಲೆ ಅಂತ ಹೇಳಿರ್ಲಿಲ್ಲ, ಪೂರ್ತಿ ಆ ಕಡೆ ಪೂರ್ತಿ ಈ ಕಡೆ ಅಂತ ಯಾರೂ ಇರಲ್ಲ ಅಂತಾನೂ ಅವ್ರ ಮಾತೇ. ಈಗಿನ ಮನಶ್ಶಾಸ್ತ್ರದವ್ರೂ ಹೆಚ್ಚು ಕಮ್ಮಿ ಅಂತ ಅಳೀತಾರೆ ಅಷ್ಟೇ, ಬಹಳ ಜನ ನಡುವೆ ಎಲ್ಲೋ ಇರ್ತಾರೆ. ಜನರ ಮುಂದೆ ಮಾತಾಡೋಕೆ ಕೈಕಾಲು ನಡುಗೋದು ಬೇರೆ ವಿಷ್ಯ, ಅದು ಭಯ. ಚೆನ್ನಾಗಿ ಮಾತಾಡಿ ನಕ್ಕು ನಗಿಸಿ ಆಮೇಲೆ ಮನೆಗೆ ಬಂದು ಗೋಡೆ ನೋಡ್ಕೊಂಡು ಕೂರೋ ಇಂಟ್ರೊವರ್ಟ್‌ಗಳು ಬೇಕಾದಷ್ಟಿದಾರೆ, ನಾನೇ ಇದೀನಿ. ಆದ್ರೆ ಒಬ್ಬಳೇ ಕೂತ್ರೂ ಹಗುರ ಆಗ್ತಾ ಇಲ್ಲ, ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರಲ್ಲ, ಇಷ್ಟದ ಪುಸ್ತಕಾನೂ ಮುಟ್ಟೋಕೆ ಮನಸ್ಸಿಲ್ಲ ಅಂತಾದ್ರೆ ಅದನ್ನ ಸ್ವಭಾವ ಅಂತ ಮುಚ್ಚಿಡ್ಬೇಡ, ಡಾಕ್ಟರ್ ಹತ್ರ ಹೋಗು. ಮನಸ್ಸಿನ ತೊಂದರೆಗೆ ಅಂತ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416ಗೆ ಫೋನ್ ಮಾಡಿದ್ರೆ ಕನ್ನಡದಲ್ಲೂ ಮಾತಾಡ್ತಾರೆ. ನಿನ್ನ ಮೇಲ್‌ನಲ್ಲಿ ಅಂಥದ್ದೇನೂ ಕಾಣ್ಲಿಲ್ಲ, ಹೇಳಿಟ್ಟೆ ಅಷ್ಟೇ.

ಊರಿಗೆ ಹೋಗೋ ಪ್ಲಾನ್ ಬಿಡು. ಊರಲ್ಲಿ ಏಕಾಂತ ಸಿಗತ್ತೆ ಅಂತ ಯಾರು ಹೇಳಿದ್ರು ನಿಂಗೆ? ತೋಟದ ದಾರೀಲಿ ಹತ್ತು ಹೆಜ್ಜೆ ಒಬ್ಬಳೇ ನಡಿ, ಎಲ್ಲಿಗೆ ಹೊರಟೆ, ಯಾವಾಗ ಬಂದೆ, ಕೆಲಸ ಬಿಟ್ಯಂತೆ ಹೌದಾ, ಮದುವೆ ಯಾವಾಗ, ಇಷ್ಟಕ್ಕೂ ಉತ್ತರ ಕೊಟ್ಟು ಮನೆ ಸೇರೋ ಹೊತ್ತಿಗೆ ಕುರ್ಲಾ ಸ್ಟೇಷನ್ನಿನ ಬ್ರಿಡ್ಜ್ ಹತ್ತಿ ಇಳಿದಿದ್ದಕ್ಕಿಂತ ಸುಸ್ತು. ನಮ್ಮನ್ನ ಸುಸ್ತು ಮಾಡೋದು ಜನ ಅಲ್ಲ, ಪರಿಚಯ. ಉತ್ತರ ಕೊಡಬೇಕಾದ ಮುಖಗಳು. ಆ ಲೆಕ್ಕದಲ್ಲಿ ಮುಂಬೈಯಷ್ಟು ಒಬ್ಬರನ್ನ ಅವರ ಪಾಡಿಗೆ ಬಿಡೋ ಊರು ನಾನಂತೂ ನೋಡಿಲ್ಲ. ಮರೀನ್ ಡ್ರೈವ್ ಕಟ್ಟೆ ಮೇಲೆ ಸಂಜೆ ಅಷ್ಟು ಜನ ಒತ್ತೊತ್ತಾಗಿ ಕೂತಿರ್ತಾರೆ, ಎಲ್ಲರ ಬೆನ್ನು ಊರಿಗೆ, ಮುಖ ನೀರಿಗೆ, ನೀನು ಅಲ್ಲಿ ಕೂತು ಅತ್ತರೂ ಯಾರೂ ಯಾಕೆ ಅಂತ ಕೇಳಲ್ಲ, ಇದು ಕೆಟ್ಟದ್ದು ಅಂತ ಊರಿಂದ ಬಂದವ್ರು ಹೇಳ್ತಾರೆ, ಹೇಳ್ಲಿ ಬಿಡು.

ಲೋಕಲ್ ಟ್ರೇನ್ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ತೀನಿ, ನಿಂಗೆ ದಿನಾ ಎರಡು ಹೊತ್ತು ಅದೇ ಸಿಗೋದು. ನೀನು ಲೇಡೀಸ್ ಡಬ್ಬಾದ ಗ್ರೂಪಿಗೆ ಸೇರಿದೀಯ ಅಂತ ಬರ್ದಿದೀಯ, ಸೀಟ್ ಹಿಡಿದು ಕೊಡ್ತಾರೆ ಅಂತ. ಅವರು ಒಳ್ಳೇವ್ರೇ, ನಂಗೊತ್ತು, ಭಜನೆ ಹೇಳ್ತಾರೆ, ಬಟಾಣಿ ಸುಲೀತಾರೆ, ಸಂಕ್ರಾಂತಿಗೆ ಹಳದಿ ಕುಂಕುಮ, ಬರ್ತ್‌ಡೇಗೆ ಕೇಕು, ಯಾರಿಗಾದ್ರೂ ತಲೆ ಸುತ್ತಿದ್ರೆ ಹತ್ತು ಕೈ ಮುಂದೆ ಬರತ್ತೆ. ಆದ್ರೆ ಒಂದಿನ ಮಾತಾಡ್ದೇ ಕೂತ್ರೆ "ಕಾಯ್ ಝಾಲಂ ಗಂ", ಏನಾಯ್ತೇ ಅಂತ ಶುರು. ನಾನು ಹೇಳೋದು, ಬೆಳಿಗ್ಗೆ ಹೋಗೋವಾಗ ಅವ್ರ ಜೊತೆ ಹೋಗು, ಆಫೀಸಲ್ಲಿ ಹೇಗೂ ಬಾಯಿ ತೆರೀಬೇಕಲ್ಲ, ವಾಪಸ್ ಬರೋವಾಗ ಬೇರೆ ಡಬ್ಬಾ ಹತ್ತು, ಮುಂದೆ ಮಧ್ಯೆ ಹಿಂದೆ ಅಂತ ಲೇಡೀಸ್ ಡಬ್ಬಾ ಬೇರೆ ಬೇರೆ ಕಡೆ ಇದಾವಲ್ಲ. ಫಾಸ್ಟ್ ಬಿಟ್ಟು ಸ್ಲೋ ಹಿಡಿ. ವಿಕ್ರೋಲಿ ಕಾಂಜೂರ್ ಭಾಂಡುಪ್ ಅಂತ ಒಂದೊಂದೇ ಸ್ಟೇಷನ್ ಬರ್ತಾ ಇರತ್ತೆ, ಮುಲುಂಡ್ ಥಾಣೆ ಹೊತ್ತಿಗೆ ಮೂರು ಜನರ ಬೆಂಚಿನ ತುದೀಲಿ ನಾಲ್ಕನೇ ಸೀಟಾದ್ರೂ ಸಿಗತ್ತೆ, ಅರ್ಧ ಸೊಂಟ ಹೊರಗಿದ್ರೂ ಸರಿ, ಯಾರ ಕೈಗೂ ಸಿಗದೇ ಇರೋ ಹೊತ್ತು ಅದು. ಮುಂಬ್ರಾ ದಾಟಿ ಆ ಖಾಡಿಯ, ಅಂದ್ರೆ ಕಡಲ ಹಿನ್ನೀರಿನ, ನೀರು ಕಾಣೋ ಹೊತ್ತಿಗೆ ನೀನು ಮತ್ತೆ ಮನುಷ್ಯಳಾಗಿರ್ತೀಯ. ಮನೆಗೆ ಸ್ವಲ್ಪ ಲೇಟು ಅಷ್ಟೇ.

ರಜೆ ದಿನ ಬೇಕು ಅಂದ್ರೆ ಕಾಲಾ ಘೋಡಾದ ಡೇವಿಡ್ ಸಸೂನ್ ಲೈಬ್ರರಿ ನೋಡು, 1870ರ ಕಟ್ಟಡ, ಮೆಂಬರ್ ಆಗ್ಬೇಕು, ಮೇಲೆ ಬಾಲ್ಕನೀಲಿ ಕಾಲು ಚಾಚಿ ಕೂರೋ ಹಳೇ ಕಾಲದ ಆರಾಮ ಕುರ್ಚಿಗಳು, ಹಿಂದೆ ಒಂದು ತೋಟ, ಪೇಪರ್ ಮುಖದ ಮೇಲೆ ಹಾಕ್ಕೊಂಡು ನಿದ್ದೆ ಮಾಡೋ ಹಿರಿಯರು. ಅಷ್ಟು ದೂರ ಬೇಡ ಅಂದ್ರೆ ಮಾಟುಂಗಾದ ಫೈವ್ ಗಾರ್ಡನ್ಸ್. ಅಲ್ಲೇ ಹತ್ರ ಉಡುಪಿ ಹೋಟೆಲ್‌ಗಳಿವೆ ಅಂತ ಭಾನುವಾರ ಅಲ್ಲಿ ಹೋಗಿ ನೋಟ್‌ಬುಕ್ ತೆಗೀಬೇಡ ಮತ್ತೆ, ನಿನ್ನ ಇಡ್ಲಿ ಮುಗಿಯೋದನ್ನೇ ಕಾಯ್ತಾ ಒಂದು ಸಂಸಾರ ತಲೆ ಮೇಲೆ ನಿಂತಿರತ್ತೆ.

ಫೋನು ಆಫ್ ಮಾಡು. ಅದ್ರ ಬಗ್ಗೆ ಜಾಸ್ತಿ ಹೇಳಲ್ಲ, ನಿಂಗೂ ಗೊತ್ತಿರೋದೇ, ಕೈಲಿ ಫೋನಿದ್ರೆ ಇನ್ನೂರು ಜನರ ಜೊತೆ ಕೂತ ಹಾಗೇ.

ಆಮೇಲೆ ನಮ್ಮ ಕನ್ನಡದವ್ರ ವಿಷ್ಯ, ಇದು ನಿಂಗೆ ಇನ್ನೂ ಶುರು ಆಗಿಲ್ಲ, ಒಂದೆರಡು ಕತೆ ಬಂದ್ಮೇಲೆ ಶುರು ಆಗತ್ತೆ. ಮಾಹಿಮ್‌ನ ಕರ್ನಾಟಕ ಸಂಘ, ಮಾಟುಂಗಾದ ಮೈಸೂರು ಅಸೋಸಿಯೇಷನ್, ಕಲೀನಾದಲ್ಲಿ ಯುನಿವರ್ಸಿಟಿ ಕನ್ನಡ ವಿಭಾಗ, ಊರೂರಿನ ಜಾತಿ ಸಂಘಗಳು, ಇವೆಲ್ಲ ಇಲ್ದೇ ಇದ್ರೆ ಇಲ್ಲಿ ಕನ್ನಡ ಇಷ್ಟು ದಿನ ಉಳೀತಿರ್ಲಿಲ್ಲ, ಹೋಗ್ಲೇಬೇಕು. ಆದ್ರೆ ಕನ್ನಡದಲ್ಲಿ ಬರಿಯೋ ಹುಡುಗಿ ಸಿಕ್ಕಿದ್ಲು ಅಂದ್ರೆ ಪ್ರಾರ್ಥನೆ ನಿಂದು, ನಿರೂಪಣೆ ನಿಂದು, ಮಹಿಳಾ ವಿಭಾಗದ ಕಾರ್ಯದರ್ಶಿ ನೀನು, ವಾಟ್ಸಾಪ್ ಗ್ರೂಪಿನ ಅಡ್ಮಿನ್ನೂ ನೀನು. ಕತೆ ಓದೋಕೆ ಕರೆದ್ರೆ ಹೂಂ ಅನ್ನು, ಕಮಿಟಿಗೆ ಕರೆದ್ರೆ ಆಗಲ್ಲ ಅನ್ನು. ಕಾರಣ ಮಾತ್ರ ಕೊಡ್ಬೇಡ. ಕಾರಣ ಕೊಟ್ರೆ ಅದನ್ನ ಬಗೆಹರಿಸೋಕೆ ನೋಡ್ತಾರೆ ನಮ್ಮ ಜನ, ಡೊಂಬಿವಲಿ ದೂರ ಆಗತ್ತೆ ಅಂದೆ ಅಂತಿಟ್ಕೋ, ಅಯ್ಯೋ ನಮ್ಮ ಕಾರಲ್ಲೇ ಬಿಡ್ತೀವಿ ಅಂತಾರೆ, ಆಮೇಲೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಟ್ರಾಫಿಕ್ಕಲ್ಲಿ ನಾಲ್ಕು ಜನ ಹಿರಿಯರ ಮಧ್ಯೆ ಕೂತು ಎರಡು ಗಂಟೆ ಮಾತು. ಅದಕ್ಕಿಂತ ಕಮಿಟೀನೇ ವಾಸಿ.

ಇನ್ನೊಂದು, ಬೈದೆ ಅಂದ್ಕೊಂಡ್ರೂ ಪರ್ವಾಗಿಲ್ಲ. ಇನ್‌ಸ್ಟಾ ಬಯೋದಲ್ಲಿ "ಇಂಟ್ರೊವರ್ಟ್, ಜನ ಅಂದ್ರೆ ಅಲರ್ಜಿ" ಅಂತ ಹಾಕ್ಕೊಂಡಿದೀಯಲ್ಲ, ಅದನ್ನ ತೆಗಿ. ಜನ ಅಂದ್ರೆ ಅಲರ್ಜಿ ಆದವ್ಳು ಕತೆ ಏನು ಬರೀತೀಯ? ಯಶವಂತ ಚಿತ್ತಾಲರು ಹನೇಹಳ್ಳಿಯಿಂದ ಬಂದು ಇದೇ ಮುಂಬೈಯಲ್ಲಿ ಕೆಮಿಕಲ್ ಇಂಡಸ್ಟ್ರೀಲಿ ವರ್ಷಾನುಗಟ್ಟಲೆ ದುಡಿದವ್ರು, ಅವ್ರ ಕಾದಂಬರಿ ಶಿಕಾರಿ ಬಂದಿದ್ದು 1979ರಲ್ಲಿ, ಆ ಆಫೀಸಿನ ಪಿತೂರಿ, ಅನುಮಾನ, ಒಬ್ಬನನ್ನ ಸುತ್ತುಗಟ್ಟೋ ರೀತಿ, ಅದೆಲ್ಲ ಬಾಗಿಲು ಹಾಕ್ಕೊಂಡು ಕೂತವ್ರಿಗೆ ದಕ್ಕೋದಲ್ಲ. ಜಯಂತ ಕಾಯ್ಕಿಣಿಯವ್ರೂ ಇಲ್ಲಿ ಔಷಧ ಕಂಪನೀಲಿ ಕೆಮಿಸ್ಟ್ ಆಗಿದ್ದವ್ರೇ. ಕೆಲಸ ಬಿಟ್ಟು ಬರೀತೀನಿ ಅನ್ನೋವಾಗ ಇದನ್ನ ಸ್ವಲ್ಪ ನೆನಪಿಟ್ಕೋ. ಬಿಕೆಸಿಯ ಆ ಉದ್ದ ಟೇಬಲ್ಲು ನಿಂಗೆ ಹಿಂಸೆ, ಒಪ್ಪಿದೆ, ಕತೆ ಇರೋದೂ ಅಲ್ಲೇ.

ಮನೇಲೂ ಅಷ್ಟೇ. ಆರು ಜನ ಇದೀರಿ, ಒಬ್ಬಳೇ ಇರೋಕೆ ಆಸೆ ಪಡೋಳು ನೀನೊಬ್ಬಳೇ ಅಂತ ಯಾಕೆ ಅಂದ್ಕೊಂಡೆ? ನಿನ್ನ ಅತ್ತಿಗೆ ಬಂದು ಇನ್ನೂ ವರ್ಷ ಆಗಿಲ್ಲ, ಅವ್ಳು ಬಾತ್‌ರೂಮಲ್ಲಿ ಜಾಸ್ತಿ ಹೊತ್ತು ಇರ್ತಾಳೆ ಅಂತ ಕಂಪ್ಲೇಂಟ್ ಮಾಡಿದೀಯ, ಅದೊಂದೇ ಚಿಲಕ ಇರೋ ಜಾಗ ಅವ್ಳಿಗೆ. ಅಮ್ಮ ನೀರು ಬರೋಕೆ ಮುಂಚೆನೇ ಎದ್ದು ಕತ್ತಲಲ್ಲಿ ಲೈಟ್ ಹಾಕ್ದೇ ಚಾ ಕುಡೀತಾರೆ ಅಂತಾನೂ ನೀನೇ ಬರ್ದಿದ್ದು. ಲೈಟ್ ಯಾಕೆ ಹಾಕಲ್ಲ ಅಂತ ಯೋಚ್ನೆ ಮಾಡಿದ್ಯಾ? ಹಾಕಿದ್ರೆ ನೀವ್ಯಾರಾದ್ರೂ ಎದ್ದುಬಿಡ್ತೀರ. ಅಪ್ಪ ದಿನಾ ಹಾಲು ತರೋಕೆ ಸ್ಟೇಷನ್ನಿನ ಆ ಕಡೆವರೆಗೆ ಹೋಗ್ತಾರೆ, ಬಿಲ್ಡಿಂಗ್ ಕೆಳಗೇ ಅಂಗಡಿ ಇದ್ರೂ. ಆ ಪುಟ್ಟ ಮನೇಲಿ ಪ್ರತಿಯೊಬ್ರೂ ಇನ್ನೊಬ್ರಿಗೆ ಗೊತ್ತಾಗದ ಹಾಗೆ ಸ್ವಲ್ಪ ಹೊತ್ತು ಕದ್ಕೊಂಡು ಬದುಕ್ತಿದಾರೆ, ನೀನು ಮಾತ್ರ ಜಗಳ ಮಾಡಿ ಕೇಳಿದೆ. ಕೇಳಿದ್ದು ಸರಿ, ಅಲ್ಲಿ ಯಾರಾದ್ರೂ ಒಬ್ರು ಕೇಳ್ಬೇಕಿತ್ತು. ಈಗ ಅತ್ತಿಗೇನೂ ಸೇರಿಸ್ಕೊಂಡು ಒಂದು ಒಪ್ಪಂದ ಮಾಡ್ಕೋ, ಬೆಡ್‌ರೂಮು ಶನಿವಾರ ಮಧ್ಯಾಹ್ನ ನಿಂಗೆ, ಭಾನುವಾರ ಬೆಳಿಗ್ಗೆ ಅವ್ಳಿಗೆ, ಯಾರೂ ಬಾಗಿಲು ತಟ್ಟೋ ಹಾಗಿಲ್ಲ. ಅಣ್ಣ ಗೊಣಗ್ತಾನೆ, ಗೊಣಗ್ಲಿ.

ಕಳಿಸಿದ ಕತೆ ಓದಿದೆ. ಆ ಪಾರ್ಕಿನಲ್ಲಿ ಹುಡುಗಿ ಒಬ್ಬಳೇ ಕೂತು ಯೋಚ್ನೆ ಮಾಡೋ ಮೂರು ಪೇಜು ಪೂರ್ತಿ ತೆಗಿ, ಅಲ್ಲಿ ನೀನಿದೀಯ, ಅವ್ಳಿಲ್ಲ. ವಾಚ್‌ಮನ್ ಬಂದು ಗೇಟ್ ಹಾಕೋ ಟೈಮಾಯ್ತು ಅಂದಾಗ ಅವ್ಳು ಮರಾಠೀಲಿ ತಡವರಿಸಿ ಉತ್ತರ ಕೊಡ್ತಾಳಲ್ಲ, ಅಲ್ಲಿಂದ ಶುರು ಮಾಡಿ ನೋಡು. ತಿದ್ದಿದ ಮೇಲೆ ಕಳಿಸು, ಅವಸರ ಇಲ್ಲ. ಫೋನ್ ಮಾತ್ರ ಮಾಡ್ಬೇಡ, ಮೇಲ್ ಹಾಕು, ನಾನು ನಿಧಾನಕ್ಕೆ ಓದ್ತೀನಿ.

ನಿನ್ನ
ಅಕ್ಕ