ಪೋಷಕರಿಗೆ ಪತ್ರ: ಟಿ.ಸಿ. ಯಾಕೆ ಕೊಡುತ್ತಿಲ್ಲ

ಪ್ರಿಯ ಪೋಷಕರೇ, ನಮಸ್ಕಾರ.

ಕಳೆದ ವಾರ ಸಂಜೆ ಬೆಲ್ ಆದಮೇಲೆ ಸೈಕಲ್ ಸ್ಟ್ಯಾಂಡ್ ಹಿಂದೆ ಒಂಬತ್ತನೇ ತರಗತಿಯ ಇಬ್ಬರು ಹುಡುಗರು ಹೊಡೆದಾಡಿದ್ದು ನಿಮಗೆಲ್ಲ ಗೊತ್ತೇ ಇದೆ. ಒಬ್ಬನ ಹುಬ್ಬಿಗೆ ಮೂರು ಹೊಲಿಗೆ ಬಿದ್ದಿವೆ. ಈಗ ಆರಾಮಾಗಿದ್ದಾನೆ, ಸೋಮವಾರದಿಂದ ಶಾಲೆಗೂ ಬರುತ್ತಿದ್ದಾನೆ. ಆ ಹೊತ್ತಿನಲ್ಲಿ ಅಲ್ಲಿ ಒಬ್ಬ ಶಿಕ್ಷಕರೂ ಇರಲಿಲ್ಲ. ಅದು ನಮ್ಮ ತಪ್ಪು. ಇನ್ನು ಮುಂದೆ ದಿನವೂ ಇಬ್ಬರು ಇರುತ್ತಾರೆ.

ಮರುದಿನದಿಂದ ಆಫೀಸಿಗೆ ಬಂದವರು ಕೇಳಿದ್ದು ಒಂದೇ, 'ಹೊಡೆದವನಿಗೆ ಟಿ.ಸಿ. ಕೊಟ್ಟು ಕಳಿಸಿ.' ಏಟು ತಿಂದ ಹುಡುಗನ ತಾಯಿಯ ಸಂಕಟ ನನಗೆ ಅರ್ಥವಾಗುತ್ತದೆ. ನನಗೂ ಮಕ್ಕಳಿದ್ದಾರೆ. ಆದರೂ ಟಿ.ಸಿ. ಕೊಡುವುದಿಲ್ಲ.

ಒಬ್ಬರು ತಂದೆ 2009ರ ಶಿಕ್ಷಣ ಹಕ್ಕು ಕಾಯ್ದೆಯನ್ನೇ ಓದಿಕೊಂಡು ಬಂದಿದ್ದರು. ಮಗುವನ್ನು ಹೊರಹಾಕಬಾರದೆಂಬ ಮಾತು ಎಂಟನೇ ತರಗತಿವರೆಗೆ ಮಾತ್ರ, ಇವನು ಒಂಬತ್ತು ಎಂದರು. ಸರಿಯಾಗಿಯೇ ಹೇಳಿದರು. ನಾನು ಕಾಯ್ದೆಗೆ ಹೆದರಿ ಕೂತಿಲ್ಲ. ಹೊರಹಾಕಿದರೆ ಅವನು ಬೇರೆ ಶಾಲೆಗೆ ಹೋಗುತ್ತಾನೆ, ಇಲ್ಲವೇ ಎಲ್ಲಿಗೂ ಹೋಗದೆ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುತ್ತಾನೆ. ನಮ್ಮ ಮಕ್ಕಳು ಬಸ್ ಹತ್ತುವುದೂ ಅಲ್ಲೇ, ಅಲ್ವಾ?

'ನಮ್ಮ ಕಾಲದಲ್ಲಿ ಮೇಷ್ಟ್ರು ನಾಲ್ಕು ಬಾರಿಸುತ್ತಿದ್ದರು' ಎಂದವರೂ ಇದ್ದಾರೆ. ಅದೇ ಕಾಯ್ದೆಯ 17ನೇ ಸೆಕ್ಷನ್ ಅದನ್ನು ನಿಷೇಧಿಸಿದೆ. ಅದಿರಲಿ, ನಾನೂ ಬೆತ್ತದ ಕಾಲದವಳೇ. ನಮ್ಮ ಕ್ಲಾಸಿನಲ್ಲಿ ಜಾಸ್ತಿ ಏಟು ತಿನ್ನುತ್ತಿದ್ದವನೇ ಬಯಲಿನಲ್ಲಿ ಜಾಸ್ತಿ ಹೊಡೆಯುತ್ತಿದ್ದ.

ಹಾಗಾದರೆ ಏನು ಮಾಡುತ್ತೀರಿ ಎಂದು ಕೇಳುತ್ತೀರಿ. ಬಿಹಾರದ ನಳಂದ ಜಿಲ್ಲೆಯ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ 'ಸೆಹರ್' ಎಂಬ ಪ್ರಯೋಗ ನಡೆಯಿತು. ಅವರೂ ಒಂಬತ್ತನೇ ತರಗತಿ ಮಕ್ಕಳೇ. ಕೆಲವು ಶಾಲೆಗಳಿಗೆ ಮಕ್ಕಳ ಮಾತು ಕೇಳಲೆಂದೇ ತರಬೇತಿ ಕೊಟ್ಟು ಒಬ್ಬರನ್ನು ನೇಮಿಸಿದರು. ಅವರು ವೈದ್ಯರಲ್ಲ, ಮನಶ್ಶಾಸ್ತ್ರ ಓದಿದ ತಜ್ಞರೂ ಅಲ್ಲ. ಕಷ್ಟ ಬರೆದು ಹಾಕಲು ಒಂದು ಡಬ್ಬಿ, ಒಂದು ಗೋಡೆ ಪತ್ರಿಕೆ, ಕಾಟ ಕೊಡುವುದರ ಬಗ್ಗೆ ಶಾಲೆಯದೇ ನಿಯಮ, ಹೀಗೆ ಸಣ್ಣ ಸಣ್ಣ ಕೆಲಸಗಳು. ಇನ್ನು ಕೆಲವು ಕಡೆ ಇದನ್ನೇ ಶಿಕ್ಷಕರಿಗೆ ವಹಿಸಿದರು. 2018ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಸಲಹೆಗಾರರಿದ್ದ ಶಾಲೆಗಳಲ್ಲಿ ಕಾಟ, ಹೊಡೆದಾಟ, ಮಕ್ಕಳ ಖಿನ್ನತೆ ಮೂರೂ ಕಡಿಮೆಯಾಗಿದ್ದವು. ಶಿಕ್ಷಕರೇ ಮಾಡಿದ ಕಡೆ ಹೇಳಿಕೊಳ್ಳುವಂಥದ್ದೇನೂ ಆಗಿರಲಿಲ್ಲ. ಓದಿ ಸ್ವಲ್ಪ ಚುಚ್ಚಿತು, ನಿಜ. ಆದರೆ ಬೆಳಿಗ್ಗೆ ಅಂಕ ಕಡಿಮೆ ಬಂತೆಂದು ಬೈದ ಟೀಚರ್ ಹತ್ತಿರ ಮಧ್ಯಾಹ್ನ ಯಾವ ಮಗು ಮನಸ್ಸು ಬಿಚ್ಚುತ್ತದೆ ಹೇಳಿ?

ಮುಂದಿನ ತಿಂಗಳಿಂದ ನಮ್ಮಲ್ಲೂ ಒಬ್ಬ ಸಲಹೆಗಾರರು ಬರುತ್ತಾರೆ. ಅದಕ್ಕೆಂದು ಫೀಸ್ ಜಾಸ್ತಿ ಮಾಡುವುದಿಲ್ಲ. ಹುಡುಗರಿಬ್ಬರೂ ವಾರಕ್ಕೊಮ್ಮೆ ಅವರ ಹತ್ತಿರ ಕೂರುತ್ತಾರೆ. ಹೊಡೆದವನು ಈ ವರ್ಷ ಕಬಡ್ಡಿ ತಂಡದಲ್ಲಿರುವುದಿಲ್ಲ. ಅವನಿಗೆ ಅದೇನೂ ಸಣ್ಣ ಶಿಕ್ಷೆಯಲ್ಲ. ಹಾಗಾಗಿ ಸುಮ್ನೆ ಬಿಟ್ಟುಬಿಟ್ಟರು ಎನ್ನಬೇಡಿ. ಮತ್ತೆ ಹೀಗೆ ಆದರೆ ಏನು ಎಂದು ನೀವು ಕೇಳುವುದೂ ನ್ಯಾಯವೇ. ಆಗ ಎರಡೂ ಮನೆಯವರನ್ನು ಕೂರಿಸಿಕೊಂಡು ಮಾತಾಡುತ್ತೇವೆ. ಆಗಲೂ ನಾನು ಮೊದಲು ಹುಡುಕುವುದು ಟಿ.ಸಿ. ಪುಸ್ತಕವನ್ನಲ್ಲ.

ನನ್ನ ನಿದ್ದೆ ಕೆಡಿಸಿದ್ದು ಸುತ್ತ ನಿಂತಿದ್ದ ಹದಿನೈದು ಮಕ್ಕಳು. ಫಿನ್‌ಲ್ಯಾಂಡಿನ ತುರ್ಕು ವಿಶ್ವವಿದ್ಯಾಲಯದವರು ರೂಪಿಸಿದ 'ಕಿವಾ' ಕಾರ್ಯಕ್ರಮ ಮುಖ್ಯವಾಗಿ ಗಮನ ಕೊಡುವುದು ಇಂಥವರಿಗೇ. ನೋಡುವವರು ನಕ್ಕರೆ ಕಾಟ ಕೊಡುವವನಿಗೆ ಉಮೇದು, ಯಾರಾದರೂ ಪೆಟ್ಟು ತಿನ್ನುವವನ ಪಕ್ಕ ನಿಂತರೆ ಅದು ಇಳಿಯುತ್ತದೆ. ನಮ್ಮಲ್ಲಿ ನಿಂತವರು ಮೊಬೈಲ್ ತೆಗೆದರು. (ಶಾಲೆಗೆ ಮೊಬೈಲ್ ತರಬಾರದು ಎಂಬ ನಿಯಮ ಇದ್ದೂ!) ಆ ವಿಡಿಯೋ ಸಂಜೆಯೊಳಗೆ ಪೋಷಕರ ಗ್ರೂಪಿಗೂ ಬಂತು. ಅಲ್ಲಿಗೆ ಹಾಕಿದವರು ಮಕ್ಕಳಲ್ಲ.

ದಯವಿಟ್ಟು ಅದನ್ನು ಅಳಿಸಿ, ಯಾರಿಗೂ ಕಳಿಸಬೇಡಿ.

ಶನಿವಾರ ಹನ್ನೊಂದು ಗಂಟೆಯಿಂದ ಆಫೀಸಿನಲ್ಲೇ ಇರುತ್ತೇನೆ. ಸಿಟ್ಟಿದ್ದವರೂ ಬನ್ನಿ. ಕಾಫಿ ಕೊಡುತ್ತೇನೆ, ಟಿ.ಸಿ. ಮಾತ್ರ ಕೇಳಬೇಡಿ.

ಇತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ