ಸಚಿವರೇ, ಫೆಲೋಶಿಪ್ ದುಡ್ಡಿಗೂ ಒಂದು ತಾರೀಖು ಇರಲಿ

ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವರಿಗೆ,
ಕರ್ನಾಟಕ ಸರ್ಕಾರ

ಮಾನ್ಯರೇ, ನಮಸ್ಕಾರ.

ನಾನು ಮಂಗಳೂರು ಕಡೆಯ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನು. ಕೇಳುವುದು ಇಷ್ಟೇ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಕ್ಯಾಟಲಿಸ್ಟ್, ಅಂದರೆ ತಾವು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕಾಗಿಸುವ ಕ್ರಿಯಾವರ್ಧಕಗಳ ಮೇಲೆ ಪಿಎಚ್‌ಡಿ ಮಾಡುವವರಿಗೆ ಐದು ವರ್ಷದ ಫೆಲೋಶಿಪ್ ಕೊಡಿ. ಅದು ತಿಂಗಳು ತಿಂಗಳು ಕೈಗೆ ಸೇರಲಿ.

ಇದೇ ವಿಷಯ ಯಾಕೆ ಅಂತೀರಾ? ಮಂಗಳೂರಿನ ಪಣಂಬೂರಿಗೆ ಬಂದು ನೋಡಿ. ಅಲ್ಲಿನ ಗೊಬ್ಬರ ಕಾರ್ಖಾನೆಯಲ್ಲಿ ಅಮೋನಿಯಾ ತಯಾರಾಗುವುದು ಕ್ಯಾಟಲಿಸ್ಟ್‌ನಿಂದ. ಹತ್ತಿರದಲ್ಲೇ ಇರುವ ಎಂಆರ್‌ಪಿಎಲ್ ರಿಫೈನರಿಯೂ ಕ್ಯಾಟಲಿಸ್ಟ್ ಇಲ್ಲದೆ ನಡೆಯುವುದಿಲ್ಲ. ಆದರೂ ನಮ್ಮ ಎಂಎಸ್ಸಿ ಮಕ್ಕಳಲ್ಲಿ ಬಹಳ ಜನ ಔಷಧ ಕಂಪನಿಗಳ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಲ್ಯಾಬ್ ಸೇರುತ್ತಾರೆ. ತಪ್ಪೇನಿಲ್ಲ. ಮನೆ ನಡೆಯಬೇಕಲ್ವಾ?

ಅಮೋನಿಯಾದ ಕಥೆಯನ್ನೇ ನೋಡಿ. 1909ರಲ್ಲಿ ಫ್ರಿಟ್ಜ್ ಹೇಬರ್ ಅದನ್ನು ಲ್ಯಾಬ್‌ನಲ್ಲಿ ಮಾಡಿ ತೋರಿಸಿದಾಗ ಕ್ಯಾಟಲಿಸ್ಟ್ ಆಗಿ ಬಳಸಿದ್ದು ಆಸ್ಮಿಯಂ ಎಂಬ ಲೋಹ. ಜಗತ್ತಿನಲ್ಲೇ ಅದು ತೀರಾ ಕಡಿಮೆ. ಜರ್ಮನಿಯ ಬಿಎಎಸ್‌ಎಫ್ ಕಂಪನಿಯ ಆಲ್ವಿನ್ ಮಿಟಾಶ್ ಮತ್ತು ಸಂಗಡಿಗರು ಅಗ್ಗದ ಬದಲಿಗಾಗಿ ಸಾವಿರಾರು ಮಾದರಿ ಪರೀಕ್ಷಿಸಿದರು. ಕೊನೆಗೆ ದಾರಿ ತೋರಿಸಿದ್ದು ಸ್ವೀಡನ್ನಿನ ಕಬ್ಬಿಣದ ಅದಿರು. ಅದರಲ್ಲಿದ್ದ ಸಣ್ಣಪುಟ್ಟ ಬೆರಕೆಯೇ ಕೆಲಸ ಮಾಡಿತ್ತು! 1913ರಲ್ಲಿ ಕಾರ್ಖಾನೆ ಶುರುವಾಯಿತು. ಇವತ್ತಿಗೂ ಬಹುತೇಕ ಅಮೋನಿಯಾ ಅದೇ ಬಗೆಯ ಕಬ್ಬಿಣದ ಕ್ಯಾಟಲಿಸ್ಟ್ ಮೇಲೆ ತಯಾರಾಗುತ್ತಿದೆ. ಮಿಟಾಶ್ ತಂಡಕ್ಕೆ ಸಂಬಳದ ಚಿಂತೆ ಇರಲಿಲ್ಲ ಅನ್ನುವುದು ನನ್ನ ಊಹೆ.

ಈಗ ಅಪರೂಪದ ಲೋಹದ ಅದೇ ತೊಂದರೆ ಹೈಡ್ರೋಜನ್ ವಿಷಯದಲ್ಲಿದೆ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಹಸಿರು ಅಂದರೆ ಮುಖ್ಯವಾಗಿ ಸೌರ, ಗಾಳಿ ವಿದ್ಯುತ್ತಿನಿಂದ ನೀರನ್ನು ಒಡೆದು ಪಡೆಯುವ ಹೈಡ್ರೋಜನ್. 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ನೀರನ್ನು ಒಡೆಯುವ ಒಂದು ಮುಖ್ಯ ಬಗೆಯ ಯಂತ್ರಕ್ಕೆ ಕ್ಯಾಟಲಿಸ್ಟ್ ಆಗಿ ಇರಿಡಿಯಂ ಎಂಬ ಲೋಹ ಬೇಕು. ಇಡೀ ಜಗತ್ತಿನಲ್ಲಿ ಅದು ವರ್ಷಕ್ಕೆ ಹತ್ತು ಟನ್ನೂ ಸಿಗುವುದಿಲ್ಲ, ಅದರಲ್ಲೂ ಹೆಚ್ಚಿನದು ದಕ್ಷಿಣ ಆಫ್ರಿಕಾದ್ದು. ನಿಕ್ಕಲ್, ಕಬ್ಬಿಣದಂಥ ಲೋಹಗಳಲ್ಲಿ ಬದಲಿ ಹುಡುಕಬೇಕು. ಆ ಕೆಲಸ ಮಾಡಬೇಕಾದವರು ಯಾರು? ಇಪ್ಪತ್ತೈದರ ಆಸುಪಾಸಿನ ಪಿಎಚ್‌ಡಿ ಮಕ್ಕಳೇ.

ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಸಿಕ್ಕವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಇದೆ, ಎರಡು ವರ್ಷದ ನಂತರ 42,000. ಸಿಗದವರು? ರಾಜ್ಯದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕರೂ ಎಷ್ಟೋ ಜನರ ಕೈಗೆ ದುಡ್ಡಿಲ್ಲ. ಸಿಕ್ಕವರದ್ದೂ ಸುಖವಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಬರಬೇಕಾದ ಫೆಲೋಶಿಪ್ ತಿಂಗಳುಗಟ್ಟಲೆ ಬರಲಿಲ್ಲ. ಅವಳು ಸಂಜೆ ಟ್ಯೂಷನ್ ಹಿಡಿದಳು. ಕ್ಯಾಟಲಿಸ್ಟ್ ಎಷ್ಟು ದಿನ ಬಾಳುತ್ತದೆ ಅಂತ ತಿಳಿಯಲು ನೂರಾರು ಗಂಟೆ ಬಿಡದೆ ಓಡಿಸಿ ನೋಡಬೇಕು. ಮೇಲೆ ಮಸಿ ಕೂರುತ್ತದೆ, ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗುತ್ತವೆ, ಸ್ವಲ್ಪ ಗಂಧಕ ತಗುಲಿದರೂ ಸತ್ತೇ ಹೋಗುತ್ತದೆ. ಅದೂ ಸಾಮಾನ್ಯವಾಗಿ ಟ್ಯೂಷನ್ ಹೊತ್ತಿಗೇ!

ನಿಮ್ಮ ಇಲಾಖೆ ಈಗಾಗಲೇ ತನ್ನ ಅಧೀನದ ಕೆಸ್ಟೆಪ್ಸ್ ಎಂಬ ಸಂಸ್ಥೆಯ ಮೂಲಕ ಪಿಎಚ್‌ಡಿ ಫೆಲೋಶಿಪ್ ಕೊಡುತ್ತಿದೆ. ಹೊಸ ಸಂಸ್ಥೆ ಬೇಡ, ಹೊಸ ಸಮಿತಿಯಂತೂ ಬೇಡವೇ ಬೇಡ. ಅದರಲ್ಲೇ ಈ ವಿಷಯಕ್ಕೆ ಹತ್ತು ಸೀಟು ಮೀಸಲಿಡಿ. ಕೊಣಾಜೆ, ಶಂಕರಘಟ್ಟ, ಧಾರವಾಡ, ಕಲಬುರಗಿಯ ವಿಶ್ವವಿದ್ಯಾಲಯಗಳಿಗೆ ಹಂಚಿ. ಮೊತ್ತ ಜೆಆರ್‌ಎಫ್‌ನಷ್ಟೇ ಇರಲಿ. ಎರಡನೇ ಗೈಡ್ ಆಗಿ ರಿಫೈನರಿಯ ಎಂಜಿನಿಯರ್ ಒಬ್ಬರು ಸಿಗುತ್ತಾರಾ ಅಂತ ಕೇಳಿ ನೋಡಿ. ಮಾದರಿಗಳನ್ನು ಬೆಂಗಳೂರಿನ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ಗೆ ಕಳಿಸುವ ಖರ್ಚು ಮಕ್ಕಳ ಜೇಬಿಗೆ ಬೀಳದಿರಲಿ. ಮತ್ತೆ, ಪ್ರತಿ ತಿಂಗಳು ಯಾವ ತಾರೀಖಿನೊಳಗೆ ದುಡ್ಡು ಜಮಾ ಆಗಬೇಕು, ಆಗದಿದ್ದರೆ ಯಾವ ಅಧಿಕಾರಿಯನ್ನು ಕೇಳಬೇಕು ಅನ್ನುವುದನ್ನೂ ಆದೇಶದಲ್ಲೇ ಬರೆಸಿ.

ಇತಿ,
ದಕ್ಷಿಣ ಕನ್ನಡದ ಒಬ್ಬ ಕೆಮಿಸ್ಟ್ರಿ ಮೇಷ್ಟ್ರು