ಮಗಳಿಗೊಂದು ಪತ್ರ: ಅಮ್ಮನ ಆಪರೇಷನ್ ಬಗ್ಗೆ

ಪ್ರೀತಿಯ ಮಗಳೇ,

ಅಮ್ಮನ ಸ್ತನ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿದರೆ ಅದು ಹರಡುತ್ತದಾ, ಮುಂದೆ ಹಾಕೋಣವಾ ಅಂತ ನೀನು ಫೋನಿನಲ್ಲಿ ಕೇಳಿದ್ದಕ್ಕೆ ಅವಳ ಎದುರು ಉತ್ತರ ಕೊಡಲಿಕ್ಕೆ ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಅಂತ ಉಡುಪಿಯ ದೊಡ್ಡಮ್ಮ ಹೇಳಿದ್ದು ನಿನ್ನ ತಲೆಯಲ್ಲೂ ಕೂತಿದೆ, ಅಲ್ವಾ? ಈಗ ಆ ಇಲಿಗಳ ಪ್ರಯೋಗದ ಸುದ್ದಿ ಓದಿ ಹೆದರಿಕೆ ಇನ್ನೂ ಜಾಸ್ತಿಯಾಗಿದೆ. ನಾನೂ ಅದನ್ನು ಕೂತು ಓದಿದೆ.

ಅದು ಅಮೆರಿಕದ ಕ್ಯಾನ್ಸರ್ ವಿಜ್ಞಾನಿ ರಾಬರ್ಟ್ ವೈನ್‌ಬರ್ಗ್ ಅವರ ತಂಡ 2018ರಲ್ಲಿ ಪ್ರಕಟಿಸಿದ್ದು. ಇಲಿಗಳ ಮೈಗೆ ಸ್ತನ ಕ್ಯಾನ್ಸರಿನ ಕೋಶಗಳನ್ನು ಸೇರಿಸಿದ್ದರು, ಆದರೆ ದೇಹವನ್ನು ಕಾಯುವ ಟಿ ಕೋಶ ಎಂಬ ಬಿಳಿ ಕಣಗಳು ಅವು ಬೆಳೆಯದ ಹಾಗೆ ಹಿಡಿದಿಟ್ಟಿದ್ದವು. ಆಮೇಲೆ ಅಲ್ಲಿಂದ ದೂರದಲ್ಲಿ, ಬೇರೆಯೇ ಜಾಗದಲ್ಲಿ ಚರ್ಮ ಕೊಯ್ದು ಗಾಯ ಮಾಡಿದರು. ಅಷ್ಟಕ್ಕೇ ಎಷ್ಟೋ ಇಲಿಗಳಲ್ಲಿ ಗಡ್ಡೆ ಬೆಳೆಯಿತು. ನೋಡು ಮಾರಾಯ್ತಿ, ಕತ್ತಿ ಕ್ಯಾನ್ಸರನ್ನು ಮುಟ್ಟಲೇ ಇಲ್ಲ! ಗಾಯ ಮಾಗಿಸಲಿಕ್ಕೆ ಮೈ ತಾನೇ ಮಾಡುವ ಕೆಲಸವೇ ಕಾರಣ. ಆಗ ರಕ್ತದಲ್ಲಿ ಮೋನೋಸೈಟ್ ಎಂಬ ಬಿಳಿ ಕಣಗಳು ಹೆಚ್ಚಾಗುತ್ತವೆ, ಅವುಗಳಲ್ಲಿ ಕೆಲವು ಗಡ್ಡೆ ಇರುವಲ್ಲಿಗೂ ಹೋಗಿ ಮ್ಯಾಕ್ರೋಫೇಜ್ ಎಂಬ ಬೇರೆ ಬಗೆಯ ಕಣಗಳಾಗಿ ಬದಲಾಗಿ ಟಿ ಕೋಶಗಳನ್ನು ಅಡಗಿಸುತ್ತವೆ. ಆಪರೇಷನ್ ಹೊತ್ತಿಗೆ ಮೆಲಾಕ್ಸಿಕ್ಯಾಮ್ ಎಂಬ ಊತದ ಮದ್ದು ಕೊಟ್ಟ ಇಲಿಗಳಲ್ಲಿ ಗಡ್ಡೆ ಬೆಳೆದದ್ದು ಕಡಿಮೆ, ಗಾಯವೂ ಸರಿಯಾಗಿಯೇ ಮಾಗಿತು.

ಹಾಗಂತ ನೀನು ಮೆಡಿಕಲ್‌ನಿಂದ ಮಾತ್ರೆ ತರಬೇಡ. ಮನುಷ್ಯರ ಮೈ ಬೇರೆ. ಬೆಲ್ಜಿಯಂನಲ್ಲಿ ಆಪರೇಷನ್‌ಗೆ ಮೊದಲು ಅದೇ ಬಗೆಯ ಕೆಟೊರೊಲಾಕ್ ಎಂಬ ಮದ್ದು ಒಂದು ಡೋಸ್ ಕೊಟ್ಟು ನೋಡಿದರು, ಕ್ಯಾನ್ಸರ್ ಮರಳಿ ಬರುವುದು ಅದರಿಂದ ಕಡಿಮೆಯಾಗಲಿಲ್ಲ. ಇಂಥ ಮಾತ್ರೆಯಿಂದ ರಕ್ತಸ್ರಾವ, ಕಿಡ್ನಿ ತೊಂದರೆ ಆಗುವುದೂ ಉಂಟು.

ನನಗೆ ಧೈರ್ಯ ಕೊಟ್ಟದ್ದು ನಮ್ಮ ದೇಶದ್ದೇ ಕೆಲಸ. ಮುಂಬೈಯ ಟಾಟಾ ಮೆಮೋರಿಯಲ್‌ನ ಡಾ. ರಾಜೇಂದ್ರ ಬಡ್ವೆ ಮತ್ತು ಜೊತೆಯವರು, ಕೊಯ್ಯುವ ಸ್ವಲ್ಪ ಮೊದಲು ಗಡ್ಡೆಯ ಸುತ್ತ ಲಿಡೋಕೇನ್ ಇಂಜೆಕ್ಷನ್ ಕೊಟ್ಟು ನೋಡಿದರು. ಅದೇ, ಹಲ್ಲು ಕೀಳುವಾಗ ಮರಗಟ್ಟಿಸಲಿಕ್ಕೆ ಕೊಡುವ ಮದ್ದು. 2023ರಲ್ಲಿ ಬಂದ ವರದಿಯ ಪ್ರಕಾರ, 5 ವರ್ಷದ ನಂತರ ಬದುಕಿದ್ದವರು ಇಂಜೆಕ್ಷನ್ ಪಡೆದವರಲ್ಲಿ ಶೇ 90.1, ಪಡೆಯದವರಲ್ಲಿ ಶೇ 86.4. ಇದು ಗಾಯ ಮಾಗುವ ವಿಷಯವಲ್ಲ, ಕೊಯ್ಯುವ ಹೊತ್ತಿನದ್ದು. ಆದರೂ ಅಮ್ಮನ ಸರ್ಜನ್ ಹತ್ತಿರ ಇದನ್ನು ಖಂಡಿತ ಕೇಳುತ್ತೇನೆ.

ಆಪರೇಷನ್ ಮುಂದೆ ಹಾಕುವ ಮಾತು ಮಾತ್ರ ಬೇಡ. ಗಡ್ಡೆ ಒಳಗಿದ್ದರೆ ಅದು ಬೆಳೆಯುತ್ತಲೇ ಇರುತ್ತದೆ, ಅಲ್ಲಿಂದ ಕೋಶಗಳು ಹೊರಗೆ ಹೋಗುತ್ತಲೇ ಇರುತ್ತವೆ. ಗಾಯದಿಂದ ಆಗಬಹುದಾದ ತೊಂದರೆಗಿಂತ ಇದು ಎಷ್ಟೋ ದೊಡ್ಡದು. ಹಿಂದೆಲ್ಲ ಹೆಂಗಸರು ನಾಚಿಕೆಯಿಂದ ಮುಚ್ಚಿಟ್ಟು, ರೋಗ ಹರಡಿದ ಮೇಲೆ ಆಸ್ಪತ್ರೆಗೆ ಬರುತ್ತಿದ್ದರು, ತೀರಿಕೊಂಡರೆ ಕೆಟ್ಟ ಹೆಸರು ಕತ್ತಿಗೆ. ದೊಡ್ಡಮ್ಮ ಅಂಥದ್ದನ್ನೇ ನೋಡಿ ಹೆದರಿದ್ದಾರೆ, ಅವರ ಹತ್ತಿರ ಜಗಳ ಮಾಡಬೇಡ.

ಮಂಗಳವಾರ ಬೆಳಿಗ್ಗೆ ಆಪರೇಷನ್. ಭಾನುವಾರ ರಾತ್ರಿಯ ಬಸ್ಸಿಗೆ ಹೊರಡು, ಪಂಪ್‌ವೆಲ್‌ನಲ್ಲಿ ಇಳಿ, ನಾನು ಬರುತ್ತೇನೆ. ಅಮ್ಮನ ಹಳೇ ರಿಪೋರ್ಟುಗಳು ನಿನ್ನ ಹತ್ತಿರ ಉಳಿದಿದ್ದರೆ ಎಲ್ಲ ತಾ.

ನಿನ್ನ ಅಪ್ಪ